ಇಲ್ಲದ ಗಡ್ಡೆಗೆ ಮದ್ದು

ಗಡ್ಡೆ ತೆಗೆದಾಗಿತ್ತು. ತೊಡೆಯ ಮಾಂಸದೊಳಗೆ ಮೂಸಂಬಿಯಷ್ಟು ದಪ್ಪಗೆ ಬೆಳೆದು ಕೂತಿದ್ದ ಕ್ಯಾನ್ಸರನ್ನು ಶಿವಮೊಗ್ಗದ ಡಾಕ್ಟರು ಕಾಲು ಉಳಿಸಿಯೇ ಹೊರಗೆ ತೆಗೆದಿದ್ದರು. ಸ್ಕ್ಯಾನಿನಲ್ಲಿ ಈಗ ಏನೂ ಇಲ್ಲ. ಹಾಗಿದ್ದ ಮೇಲೆ ಕೀಮೋ ಯಾಕೆ ಎಂಬುದು ಯೋಗರಾಜನ ಪ್ರಶ್ನೆ. ಹೊಸನಗರದ ಸುತ್ತಮುತ್ತ ಜೆಸಿಬಿ ಓಡಿಸುವ ಮನುಷ್ಯ ಅವನು. ಅಗೆಯಬೇಕಾದ್ದನ್ನು ಕಣ್ಣಾರೆ ಕಂಡೇ ಅಗೆದು ಅಭ್ಯಾಸ.

ಕಣ್ಣಿಗೆ ಕಾಣದ ಕಣಗಳು ಎಲ್ಲಾದರೂ ಅಡಗಿರಬಹುದು, ಅವು ಶ್ವಾಸಕೋಶದಲ್ಲಿ ಬೇರು ಬಿಟ್ಟರೆ ಜೀವಕ್ಕೇ ಸಂಚಕಾರ ಎಂದರು ಡಾಕ್ಟರು. ಇರಬಹುದು, ಇಲ್ಲದೆಯೂ ಇರಬಹುದು. ಮದ್ದು ಕೊಟ್ಟರೆ ಅಪಾಯ ತಗ್ಗಬಹುದು, ಖಾತ್ರಿ ಮಾತ್ರ ಕೊಡಲಾರೆ ಎಂದೂ ಹೇಳಿದರು. ಇಷ್ಟೊಂದು 'ಬಹುದು' ಕೇಳಿ ಯೋಗರಾಜನಿಗೆ ರೇಗಿಹೋಯಿತು. ಇಲ್ಲದ ಗಡ್ಡೆಗೆ ವಿಷ ಹಾಕುತ್ತಾರಂತೆ ಎಂದು ಮನೆಗೆ ಬಂದು ಹಟ ಹಿಡಿದು ಕೂತ. ಯಾರ ಮಾತಿಗೂ ಜಗ್ಗಲಿಲ್ಲ.

ಹೆಂಡತಿ ಮಂಜುಶ್ರೀ ಅತ್ತು ಕರೆದು ಮಾಡುವ ಪೈಕಿಯಲ್ಲ. ಹೋದ ವರ್ಷ ರಸ್ತೆ ಕೆಲಸದಲ್ಲಿ ಚೌಡಿ ದೇವಿಯ ಕಲ್ಲೊಂದು ಅಡ್ಡ ಬಂದಾಗ ಇವನು ಎಂಜಿನ್ ಆಫ್ ಮಾಡಿ, ಕಾಯಿ ಒಡೆದು ಎಡೆ ಇಡುವ ತನಕ ಮುಟ್ಟುವುದಿಲ್ಲ ಎಂದು ಕಂಟ್ರಾಕ್ಟರನಿಂದ ಬೈಸಿಕೊಂಡಿದ್ದ. ಅನ್ನ ಬಡಿಸುತ್ತಾ ಅವಳು ಅದನ್ನೇ ಎತ್ತಿದಳು.

"ಅವತ್ತು ಚೌಡಮ್ಮನ್ನ ನೀವು ಕಣ್ಣಾರೆ ಕಂಡಿದ್ರಾ?"

"ಕಾಣ್ಲಿಲ್ಲ. ಹಂಗಂತ ಇಲ್ಲ ಅನ್ನಕ್ಕಾಗುತ್ತಾ?"

"ಮತ್ತೆ ಇದನ್ನ ಮಾತ್ರ ಹೆಂಗೆ ಇಲ್ಲ ಅಂತೀರಿ? ನಂಗೆ ನೀವು ಬೇಕು."

ಯೋಗರಾಜ ಊಟ ಮುಗಿಸಿ ಆಸ್ಪತ್ರೆಯ ಫೈಲು ಹುಡುಕಿ ತೆಗೆದ. ಮರುದಿನ ಇಬ್ಬರೂ ಶಿವಮೊಗ್ಗದ ಬೆಳಗಿನ ಬಸ್ಸು ಹತ್ತಿದರು.

ಮದ್ದು ಮುರುಗಲ ಹಣ್ಣಿನ ಪಾನಕದಂತೆ ಕೆಂಪಗಿತ್ತು. ಅದನ್ನು ತಂದ ನರ್ಸು ಗೌನು ತೊಟ್ಟು, ಒಂದರ ಮೇಲೊಂದು ಗ್ಲೌಸ್ ಹಾಕಿಕೊಂಡಿದ್ದಳು. ಚರ್ಮಕ್ಕೆ ಒಂದು ಹನಿ ಬಿದ್ದರೂ ಆಗುವುದಿಲ್ಲವಂತೆ. ಅವಳು ಬೆರಳಿಗೂ ಸೋಕಿಸಿಕೊಳ್ಳದ್ದು ತನ್ನ ನರಕ್ಕೆ ಇಳಿಯುವುದನ್ನು ಯೋಗರಾಜ ನೋಡಿದ. ಅಡಗಿರುವ ಕಣಗಳ ದಾರಿ ಇದಕ್ಕೆ ಗೊತ್ತಾ ಎಂದು ಕೇಳಿದ.

"ಗೊತ್ತಿಲ್ಲ ಅಣ್ಣ. ಎಲ್ಲಾ ಕಡೆ ಹೋಗುತ್ತೆ. ಒಳ್ಳೇದನ್ನೂ ಸುಡುತ್ತೆ," ಎಂದಳು ಅವಳು.

ಸುಟ್ಟಿದ್ದೂ ಹೌದು. ಬಾಯಿ ಹುಣ್ಣಾಯಿತು, ಕೂದಲು ದಿಂಬಿನ ಮೇಲೆ ಉಳಿಯಿತು. ಸಾಗರದ ಲ್ಯಾಬಿನಲ್ಲಿ ರಕ್ತ ನೋಡಿಸಿದರೆ ಸೋಂಕು ತಡೆಯುವ ಬಿಳಿ ಕಣಗಳು ಹೆಚ್ಚುಕಡಿಮೆ ಖಾಲಿ. ಈಗ ಒಂದು ಸಣ್ಣ ಜ್ವರ ಬಂದರೂ ಸಾಕು, ಜೀವಕ್ಕೆ ಕುತ್ತು ಎಂದು ಡಾಕ್ಟರು ಎಚ್ಚರಿಸಿದ್ದರು. ಕಣ ಏರದಿದ್ದರೆ ಎರಡನೇ ಸುತ್ತೂ ಇಲ್ಲ. ಮಂಜುಶ್ರೀ ಮನೆಗೆ ನೆಂಟರನ್ನೂ ಬಿಟ್ಟುಕೊಳ್ಳಲಿಲ್ಲ. ಅವನು ಗೋಡೆಗೆ ಮುಖ ಮಾಡಿ, ತನ್ನ ಕಥೆ ಮುಗಿಯಿತು ಎಂದೇ ಮಲಗಿದ್ದ.

ಎರಡನೇ ಸುತ್ತಿಗೆ ಹೋದಾಗ ಡಾಕ್ಟರು ಹೊಸ ರಿಪೋರ್ಟು ನೋಡಿ ತಲೆದೂಗಿದರು. ಬಿಳಿ ಕಣಗಳೆಲ್ಲ ವಾಪಸು ಬಂದಿದ್ದವು. ಯಾರು ಮಾಡಿದ್ದು ಇದನ್ನ ಎಂದು ಯೋಗರಾಜ ಬೆಪ್ಪಾಗಿ ಕೇಳಿದ. ನಿಮ್ಮ ಮೂಳೆಯೊಳಗೇ ತಯಾರಾಗುತ್ತವೆ, ಯಾರೂ ಹೇಳಬೇಕಾಗಿಲ್ಲ ಎಂದರು ಅವರು.

ಅವನ ಮೈ ಜುಮ್ಮೆಂದಿತು. ಜೆಸಿಬಿಯಲ್ಲಿ ಅವನು ಲಿವರ್ ಎಳೆಯದೆ ಒಂದು ಹೆಂಟೆ ಮಣ್ಣೂ ಮೇಲೇಳುತ್ತಿರಲಿಲ್ಲ. ಇಲ್ಲಿ ನೋಡಿದರೆ, ಯಜಮಾನ ಕೈಚೆಲ್ಲಿ ಮಲಗಿದ್ದ ದಿನಗಳಲ್ಲೇ ಒಳಗೆ ಹಗಲೂ ರಾತ್ರಿ ಕೆಲಸ ನಡೆದಿತ್ತು. ನಲವತ್ತು ವರ್ಷ ಈ ಮೈಯಲ್ಲೇ ಇದ್ದೂ ಅವನಿಗೆ ಅದರ ಸುದ್ದಿಯೇ ಇರಲಿಲ್ಲ. ಕಣ್ಣು ತುಂಬಿ ಬಂತು.

ನರ್ಸು ಕೆಂಪು ಮದ್ದು ತಂದಳು. ಅವಳು ಕೇಳುವ ಮೊದಲೇ ಯೋಗರಾಜ ಅಂಗಿಯ ತೋಳು ಮಡಚಿ ಕೈ ಚಾಚಿದ.

"ಹಾಕಿ ಸಿಸ್ಟರ್. ಒಳಗಿರೋರು ನೋಡ್ಕೊಳ್ತಾರೆ."