ಅಂಟಿಸಿದ ಗಡ್ಡಗಳ ಸಾಕ್ಷಿ

ಲಿಯೋ ಫಿಂಕ್ ಅಮೆರಿಕದಿಂದ ನಮ್ಮೂರಿಗೆ ನಮ್ಮ ಯಹೂದಿಗಳ ಮನೆಮಾತಾದ ಯಿದ್ದಿಶ್‌ನಲ್ಲಿ ಸಿನಿಮಾ ತೆಗೆಯಲು ಬಂದ. ಅವನೇ ನಿರ್ಮಾಪಕ, ಅವನೇ ನಿರ್ದೇಶಕ, ಐವತ್ತು ದಾಟಿದ್ದರೂ ಅವನೇ ಮದುಮಗ. ಇಪ್ಪತ್ತು ವರ್ಷದ ಹಿಂದೆ ಇದೇ ಪೋಲೆಂಡಿನಿಂದ ಹಡಗು ಹತ್ತಿದಾಗ ಅವನು ಬಡಪಾಯಿ ಲೀಬಿಶ್; ಈಗ ಲಿಯೋ ಆಗಿ ನಮ್ಮ ಬೀದಿಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಡೆಯುತ್ತಿದ್ದ. ಅವನ ನಟರಿಗೆ ಬಣ್ಣ ಹಚ್ಚುವ ಕೆಲಸ ನನ್ನದು. ಅವನನ್ನು ಕಂಡರೇ ನನಗೆ ಮೈ ಉರಿಯುತ್ತಿತ್ತು.

ಮದುವೆಯ ದೃಶ್ಯಕ್ಕೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಟೋಪಿ ಹೊಲಿಯುವ ಹೆನೆಖ್, ಮೀನು ಮಾರುವ ಶಾಯೆ ಹಬ್ಬದ ಬಟ್ಟೆ ತೊಟ್ಟು ನನ್ನ ಡೇರೆಗೆ ಬಂದರು. ಫಿಂಕ್ ಅವರನ್ನು ಮೇಲಿಂದ ಕೆಳಗೆ ನೋಡಿ ನನ್ನತ್ತ ತಿರುಗಿದ.

"ಇವ್ರು ಯಹೂದಿಗಳ ಥರಾನೇ ಇಲ್ವಲ್ಲ ಪೆರ್ಲ್! ಗಡ್ಡ ನೋಡು, ಇಲಿ ಕಡಿದ ಹಾಗಿದೆ. ನ್ಯೂಯಾರ್ಕಲ್ಲಿ ಯಾರು ನಂಬ್ತಾರೆ? ಆ ಗಾಡಿಯೋರನ್ನ ಕರಿ."

ಸ್ತಾಖ್, ವಾಲೆಕ್ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಪೋಲಿಷ್ ಗಾಡಿಯಾಳುಗಳು. ಅವರ ಗಲ್ಲಕ್ಕೆ ಎದೆಮಟ್ಟದ ಗಡ್ಡ ಅಂಟಿಸಿದೆ. ಹೆನೆಖ್, ಶಾಯೆ ತಲೆ ತಗ್ಗಿಸಿ ಮನೆಗೆ ಹೋದರು.

ತಗಡಿನ ಉಂಗುರ ಕ್ಯಾಮೆರಾಕ್ಕೆ ಹೊಳೆಯಲಿಲ್ಲ. ಫಿಂಕ್ ತನ್ನ ಬೆರಳಿನ ಚಿನ್ನದ ಉಂಗುರವನ್ನೇ ಕಳಚಿದ. ಗಡ್ಡದವರತ್ತ ಕೈ ಚಾಚಿ, "ನೀವಿಬ್ಬರೇ ನನ್ನ ಸಾಕ್ಷಿಗಳು, ಬೇರೆ ಯಾರೂ ಅಲ್ಲ" ಎಂದು ಗುಡುಗಿ, ಮದುವೆಯ ವಾಕ್ಯವನ್ನು ಒಂದಕ್ಷರ ಬಿಡದೆ ಹೇಳಿ, ನಾಯಕಿ ಫ್ರೇಡ್ಲಳ ಬೆರಳಿಗೆ ತೊಡಿಸಿದ.

ಸಂಜೆಗೆ ಊರೆಲ್ಲ ಗುಲ್ಲು. ಗಂಡಿನ ಸ್ವಂತ ಉಂಗುರ, ಪೂರ್ತಿ ವಾಕ್ಯ, ಇಬ್ಬರು ಸಾಕ್ಷಿಗಳು ಇದ್ದರೆ ಆಟಕ್ಕೆ ಮಾಡಿದ್ದೂ ನಮ್ಮಲ್ಲಿ ಮದುವೆಯೇ ಆಗಿಬಿಡಬಹುದು. ಆಮೇಲೆ ಗಂಡ ಬಿಡುಗಡೆ ಪತ್ರ ಕೊಡುವವರೆಗೆ ಹೆಣ್ಣು ಇನ್ನೊಬ್ಬನ ಕೈ ಹಿಡಿಯುವಂತಿಲ್ಲ. ಫ್ರೇಡ್ಲಳಿಗೋ, ಪುಸ್ತಕಕ್ಕೆ ರಟ್ಟು ಹಾಕುವ ಯೋಯ್ನೆಯ ಜೊತೆ ಮುಂದಿನ ತಿಂಗಳೇ ಮದುವೆ ನಿಶ್ಚಯವಾಗಿತ್ತು.

ನಮ್ಮ ಧರ್ಮಗುರು ರಬ್ಬಿಯ ಮನೆಯಲ್ಲಿ ಫಿಂಕ್ ಕಾಲ ಮೇಲೆ ಕಾಲು ಹಾಕಿ ಕೂತ.

"ಪತ್ರ ತಾನೇ? ಕೊಡ್ತೀನಿ. ಮೊದ್ಲು ಅಮೆರಿಕಕ್ಕೆ ಬಂದು ಐದು ವರ್ಷ ನನ್ನ ಸಿನಿಮಾದಲ್ಲಿ ನಟಿಸ್ಲಿ."

ಫ್ರೇಡ್ಲ್ ಬಿಕ್ಕಿ ಬಿಕ್ಕಿ ಅತ್ತಳು. ಥೂ, ಇವನೂ ಒಬ್ಬ ಗಂಡಸು!

"ಸಾಕ್ಷಿಗಳು ಯಾರಮ್ಮಾ?" ರಬ್ಬಿ ನನ್ನನ್ನು ಕೇಳಿದರು.

"ಗಡ್ಡ ನನ್ನದು ರಬ್ಬಿಗಳೇ. ಗಲ್ಲ ಮಾತ್ರ ಗಾಡಿ ಹೊಡಿಯೋ ಸ್ತಾಖ್, ವಾಲೆಕ್‌ದು. ಹೊರಗೇ ಇದಾರೆ, ಕರೀಲಾ?"

ಸ್ತಾಖ್ ಒಳಗೆ ಬಂದು, ದೊಡ್ಡವರನ್ನು ಕಂಡ ಭಯಕ್ಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಗಲ್ಲದಲ್ಲಿ ಅಂಟು ಇನ್ನೂ ಇತ್ತು.

ರಬ್ಬಿ ಫಿಂಕನ ಕಡೆ ತಿರುಗಿದರು. "ಊರು ತುಂಬ ನಮ್ಮೋರೇ ಇದ್ರು. ಇಬ್ಬರು ಯಹೂದಿಗಳು ಸಿಗ್ಲಿಲ್ವೇನಯ್ಯಾ ನಿಂಗೆ?"

"ಸಿಕ್ಕಿದ್ರು," ಫಿಂಕ್ ಗೊಣಗಿದ. "ಹಾಗೆ ಕಾಣ್ತಿರ್ಲಿಲ್ಲ."

"ನಮ್ಮ ಮದುವೆಗೆ ಯಹೂದಿಗಳೇ ಸಾಕ್ಷಿ ಆಗ್ಬೇಕು, ಉಳಿದೋರನ್ನ ನೀನೇ ಬೇಡ ಅಂದೆ. ಸಾಕ್ಷಿ ಇಲ್ಲ ಅಂದ್ಮೇಲೆ ಮದುವೇನೂ ಇಲ್ಲ." ರಬ್ಬಿ ಫ್ರೇಡ್ಲಳತ್ತ ನೋಡಿದರು. " ಹೋಗಮ್ಮಾ, ಯೋಯ್ನೆ ಕಾಯ್ತಿದಾನೆ."

ಫ್ರೇಡ್ಲ್ ಉಂಗುರ ಕಿತ್ತು ಫಿಂಕನ ಮಡಿಲಿಗೆ ಎಸೆದಳು. ಮುಂದಿನ ತಿಂಗಳು ಅವಳ ಮದುವೆಗೆ ಹೆನೆಖ್, ಶಾಯೆ ಸಾಕ್ಷಿಗಳಾಗಿ ನಿಂತರು, ಅದೇ ಇಲಿ ಕಡಿದ ಗಡ್ಡದಲ್ಲಿ.