ಒಲಿವಾಳ ಬೆನ್ನು, ಗಿಲ್ದಾರ್ದೋನ ತಕ್ಕಡಿ

ಒಲಿವಾ ಒಂದು ವರ್ಷ ಹೊತ್ತ ಹೂವಿನ ಸಿಯೆತಾ ಎಷ್ಟು ದೊಡ್ಡದಿತ್ತೆಂದರೆ, ಮೆರವಣಿಗೆ ಹೊರಡುವಾಗ ಅದರ ಹಿಂಬದಿಗೆ ಮೇಯಲು ಹತ್ತಿದ ಹಸುವೊಂದು ಮೆರವಣಿಗೆ ಮುಗಿಯುವ ಹೊತ್ತಿಗೆ ಅಲ್ಲೇ ಕರು ಹಾಕಿ, ಕರುವಿನ ಜೊತೆ ಇಳಿದು ನಡೆದುಕೊಂಡು ಮನೆಗೆ ಹೋಯಿತು. ಒಲಿವಾಗೆ ಬೆನ್ನ ಮೇಲೆ ಏನೋ ಸ್ವಲ್ಪ ಅಲುಗಿದ ಹಾಗಾಯಿತು, ಅಷ್ಟೆ. ಸಾಂತಾ ಎಲೆನಾ ಬೆಟ್ಟದ ಅಂಗಡಿಯಲ್ಲಿ ಅವಳ ಗಂಡ ಗಿಲ್ದಾರ್ದೋ ಇದನ್ನು ಹೇಳಿದಾಗ ಯಾರೋ ಹಸುವಿನ ಬಣ್ಣ ಯಾವುದು ಎಂದು ಕೇಳಿದರು. ಕಪ್ಪು, ಹಣೆಯಲ್ಲಿ ಬಿಳಿ ಬೊಟ್ಟು ಎಂದು ಅವನು ರೆಪ್ಪೆ ಬಡಿಯದೆ ಉತ್ತರಿಸಿದ.

ಆ ಬೆಟ್ಟದಲ್ಲಿ ಹೂವು ಹೊರದವರು ಇಬ್ಬರೇ. ಒಬ್ಬ ಪಾದ್ರಿ, ಇನ್ನೊಬ್ಬ ಗಿಲ್ದಾರ್ದೋ. ಉಳಿದವರೆಲ್ಲ ಗಂಡಸು ಹೆಂಗಸೆನ್ನದೆ ಪ್ರತಿ ಆಗಸ್ಟ್‌ನಲ್ಲಿ ಬೆನ್ನಿಗೆ ಸಿಯೆತಾ ಎನ್ನುವ ಮರದ ಚೌಕಟ್ಟು ಏರಿಸಿ, ಅದರ ತುಂಬ ಹೂವು ಕಟ್ಟಿ, ಎರಡು ಪಟ್ಟಿ ಹೆಗಲಿಗೆ, ಒಂದು ಪಟ್ಟಿ ಹಣೆಗೆ ಕೊಟ್ಟು ಮೆದೆಯೀನ್ ನಗರದ ಬೀದಿಗಳಲ್ಲಿ ನಡೆಯುತ್ತಾರೆ. ಗಿಲ್ದಾರ್ದೋ ಕೆಳಗಿನ ಕಣಿವೆಯಿಂದ ಅಳಿಯನಾಗಿ ಬಂದವನು. ಮೂವತ್ತು ವರ್ಷದಲ್ಲಿ ಅವನು ಹೊತ್ತದ್ದು ತನ್ನ ಬಾಯಿಯೊಂದನ್ನೇ. ಅದೇ ಸಾಕಷ್ಟು ಭಾರವಿತ್ತು.

ಹೋದ ವರ್ಷ ಮೇ ತಿಂಗಳಲ್ಲಿ ಒಲಿವಾ ಹಾಲಿನ ಕ್ಯಾನು ಗೇಟಿನ ಹೊರಗಿಡಲು ಬಗ್ಗಿದಳು. ಸೊಂಟದಲ್ಲಿ ಪಟ್ ಎಂದಿತು. ಆ ಸದ್ದಿಗೆ ಮೂರು ಬೆಟ್ಟದಾಚೆಯ ನಾಯಿಗಳೆಲ್ಲ ಬೊಗಳಿದವೆಂದು ಗಿಲ್ದಾರ್ದೋ ಅಂಗಡಿಯಲ್ಲಿ ಹೇಳಿದ. ಹೇಳದೇ ಬಿಟ್ಟದ್ದು ಬೇರೆ. ಅವಳು ಕೆಸರಿನಲ್ಲಿ ಮೊಣಕಾಲೂರಿ, ಹಾಲು ಕಾಲುವೆಗೆ ಹರಿಯುವುದನ್ನು ನೋಡುತ್ತ, ಎಬ್ಬಿಸಬೇಡ, ಮುಟ್ಟಬೇಡ ಎಂದು ಸಣ್ಣ ದನಿಯಲ್ಲಿ ಬೇಡಿಕೊಂಡದ್ದು. ಆರು ವಾರ ಅವಳನ್ನು ಬಚ್ಚಲಿಗೆ ನಡೆಸಿಕೊಂಡು ಹೋದವನು ಅವನೇ. ಎಡಗಾಲು ಕೊರಡಿನ ಹಾಗೆ ಎಳೆದುಕೊಂಡು ಬರುತ್ತಿತ್ತು.

ಆ ವರ್ಷ ಮೆರವಣಿಗೆಯಲ್ಲಿ ಅವಳ ಜಾಗ ಖಾಲಿ ಹೋಯಿತು. ಅದು ಅವಳ ಅಮ್ಮನಿಂದ ಬಂದ ಜಾಗ. ಈ ವರ್ಷವೂ ಅವಳು ಹೊರದಿದ್ದರೆ ತಮ್ಮ ಆರ್ನುಲ್ಫೋಗೆ ಬರೆದುಕೊಡುವುದು ಎಂದು ಮನೆಮಂದಿಯೆಲ್ಲ ಸೇರಿ, ಅವಳ ಎದುರಿಗೇ, ಬೆಲ್ಲದ ನೀರು ಕುಡಿಯುತ್ತ ತೀರ್ಮಾನಿಸಿದ್ದರು. ಆರ್ನುಲ್ಫೋ ಕೆಟ್ಟವನೇನಲ್ಲ. ಆದರೆ ಅವತ್ತಿನಿಂದ ಅವನು ಅಕ್ಕನನ್ನು ಕಂಡಾಗಲೆಲ್ಲ ಮುಖ ನೋಡುವ ಮೊದಲು ಸೊಂಟ ನೋಡುತ್ತಿದ್ದ.

ಫಿಸಿಯೋಥೆರಪಿಯ ಯುಲಿಯೆತ್ ಅಂಗೈಯಷ್ಟು ಹುಡುಗಿ. ದನಿ ಮಾತ್ರ ಪೊಲೀಸರದು. ಮೊದಲು ಸಮತಟ್ಟಾದ ದಾರಿಯಲ್ಲಿ ಹತ್ತು ನಿಮಿಷ ನಡೆಸಿದಳು. ಆಮೇಲೆ ಏರಿನಲ್ಲಿ. ಆಮೇಲೆ ಚಾಪೆಯ ಮೇಲೆ ಅಂಗೈ ಮೊಣಕಾಲೂರಿಸಿ ಬಲಗೈ ಎಡಗಾಲು ಚಾಚಿಸಿದಳು. ದನ ಕಾಯುವವಳನ್ನೇ ದನ ಮಾಡಿದಳಲ್ಲ ಎಂದು ಒಲಿವಾ ಬೈದುಕೊಂಡರೂ ಒಂದು ದಿನವೂ ತಪ್ಪಿಸಲಿಲ್ಲ. ಸೊಂಟ ಬಗ್ಗಿಸದೆ ಮಂಡಿ ಮಡಚಿ ಕೂರುವುದು, ಏಳುವುದು. ಫೆಬ್ರವರಿಯಲ್ಲಿ ಖಾಲಿ ಸಿಯೆತಾ ಬೆನ್ನಿಗೇರಿತು. ಅದರ ಮೇಲೆ ಆಲೂಗಡ್ಡೆ ಮೂಟೆ. ವಾರಕ್ಕೆ ಎರಡು ಕಿಲೋ, ಹೆಚ್ಚೆಂದರೆ ಮೂರು.

"ನೋವು ಸೊಂಟದಲ್ಲೇ ಇದ್ದು ಬೆಳಗ್ಗೆ ಹೊತ್ತಿಗೆ ಇಳಿದ್ರೆ ಪರ್ವಾಗಿಲ್ಲ ದೊನ್ಯಾ ಒಲಿವಾ," ಎಂದಿದ್ದಳು ಯುಲಿಯೆತ್. "ಮಂಡಿ ದಾಟಿ ಕೆಳಗೆ ಹೋಯ್ತೋ, ಇದ್ದಲ್ಲೇ ಇಳಿಸ್ಬಿಡಿ. ಅಭ್ಯಾಸದಲ್ಲಿ ಹೊತ್ತಿದ್ದಕ್ಕಿಂತ ಜಾಸ್ತಿ ಮೆರವಣಿಗೇಲಿ ಹೊರಬೇಡಿ. ಸೊಂಟ ಇನ್ನೊಂದ್ಸಲ ಹೋದ್ರೆ ಈ ಸಲದ ಥರ ಇರಲ್ಲ. ಕಾಲಿನ ಶಕ್ತಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲ್ಲ."

ತೂಕದ ಜವಾಬ್ದಾರಿ ಗಿಲ್ದಾರ್ದೋಗೆ ಬಿತ್ತು. ಕೊಕ್ಕೆಯ ತಕ್ಕಡಿ ಇದ್ದದ್ದು ಅವನ ಕೊಟ್ಟಿಗೆಯಲ್ಲಿ.

ಅಲ್ಲಿಂದ ಮುಂದಿನ ಸುದ್ದಿ ಬೆಟ್ಟಕ್ಕೆಲ್ಲ ಗೊತ್ತು. ಮಾರ್ಚ್‌ನಲ್ಲಿ ಹದಿನೈದು ಕಿಲೋ, ಏಪ್ರಿಲ್‌ನಲ್ಲಿ ಇಪ್ಪತ್ತೈದು, ಜೂನ್‌ನಲ್ಲಿ ನಲವತ್ತು, ಜುಲೈ ಕೊನೆಗೆ ಐವತ್ತು. ಒಲಿವಾ ಏರುದಾರಿಯಲ್ಲಿ ಮೂಟೆ ಹೊತ್ತು ಹೋದರೆ ಬಸ್ಸು ಅವಳ ಹಿಂದೆ ಬೀಳುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದು ದಾರಿ ಕೇಳುತ್ತಿದ್ದ.

ಈ ತೂಕಗಳೆಲ್ಲ ಗಿಲ್ದಾರ್ದೋ ಬಾಯಿಂದ ಬಂದವು. ತಕ್ಕಡಿಯಿಂದ ಬಂದವು ಬೇರೆ.

ಏಪ್ರಿಲ್‌ನ ಒಂದು ಬೆಳಗ್ಗೆ ಹದಿನೆಂಟರ ಮೂಟೆಗೆ ಇನ್ನೆರಡು ಕಿಲೋ ಸೇರಿಸಲು ಅವನು ಕೊಟ್ಟಿಗೆಗೆ ಹೋಗಿದ್ದ. ಕಿಟಕಿಯಿಂದ ನೋಡಿದರೆ ಒಲಿವಾ ಅಂಗಳದಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದಳು. ಏಳುವಾಗ ಗೋಡೆ ಹಿಡಿದು, ಕಣ್ಣು ಮುಚ್ಚಿ, ಒಂದು ಉಸಿರಿನಷ್ಟು ಹೊತ್ತು ನಿಂತಳು. ಅವನ ಕೈ ಆಲೂಗಡ್ಡೆಯ ಬುಟ್ಟಿಯಲ್ಲೇ ಉಳಿಯಿತು. ಹಾಲಿನ ಕ್ಯಾನಿನ ದಿನದ ಆ ಪಟ್ ಸದ್ದು ಕಿವಿಯಲ್ಲಿ ಕೇಳಿತು. ಅವನು ಎರಡು ಕಿಲೋ ಹಾಕಲಿಲ್ಲ. ಇದ್ದದ್ದರಲ್ಲೂ ನಾಲ್ಕು ತೆಗೆದ. ಮೂಟೆ ಜೋತು ಬೀಳದಿರಲೆಂದು ನಡುವೆ ಕಾಳು ಬಿಡಿಸಿದ ಜೋಳದ ದಿಂಡು ತುಂಬಿದ. ಹೊರಗೆ ಬಂದು ಇಪ್ಪತ್ತು ಎಂದ.

ಅವಳು ಹೊತ್ತು ಹೋಗಿ ಬಂದಳು. ಮುಖದ ತುಂಬ ಬೆವರು, ಬೆವರಿನ ತುಂಬ ನಗು. ಇಪ್ಪತ್ತು ಇಷ್ಟು ಹಗುರ ಅನ್ನಿಸುತ್ತದೆಂದು ಗೊತ್ತಿರಲಿಲ್ಲ ಎಂದಳು. ಆ ನಗು ನೋಡಿದ ಮೇಲೆ ನಿಜ ಹೇಳಲು ಅವನಿಗೆ ನಾಲಿಗೆ ಬರಲಿಲ್ಲ. ಸಂಜೆ ಅಂಗಡಿಯಲ್ಲಿ ಇಪ್ಪತ್ತು ಇಪ್ಪತ್ತೈದಾಯಿತು. ಮರುದಿನ ಯಾರೋ ಅದನ್ನು ಒಲಿವಾಗೆ ಹೇಳಿದರು. ಮುಂದಿನ ವಾರ ಅವಳು ಇಪ್ಪತ್ತೈದನ್ನೇ ಕೇಳಿದಳು. ಮೂಟೆ ವಾರಕ್ಕೊಂದು ಕಿಲೋ ಏರಿದರೆ ಮಾತು ಎರಡು ಕಿಲೋ ಏರುತ್ತಿತ್ತು. ಒಂಬತ್ತು ತಿಂಗಳು ಏನನ್ನೂ ಎತ್ತದ ಬೆನ್ನಿಗೆ ಯಾವ ಭಾರ ಎಷ್ಟಿರುತ್ತದೆ ಎನ್ನುವುದೇ ಮರೆತುಹೋಗಿತ್ತು. ಗಂಡ ಹೇಳಿದ್ದೇ ಅದರ ತೂಕ.

ಜೂನ್‌ನಲ್ಲಿ ಯುಲಿಯೆತ್ ಫೋನ್ ಮಾಡಿದಾಗ ಒಲಿವಾ ನಲವತ್ತು ಎಂದಳು. ಅಷ್ಟು ಬೇಗ ಹೇಗೆ, ಸರಿಯಾಗಿ ತೂಗಿದ್ದಾರಾ ಎಂದು ಆ ಕಡೆಯಿಂದ ಯುಲಿಯೆತ್ ಕೇಳಿದಳು. ಒಲಿವಾ ಫೋನನ್ನು ಗಂಡನ ಕೈಗೆ ಕೊಟ್ಟಳು. ಗಿಲ್ದಾರ್ದೋ ತನ್ನ ತಾಯಿಯ ಆಣೆ ಹಾಕಿದ.

ಜುಲೈನಲ್ಲಿ ಅವಳು ದೊಡ್ಡ ಸಿಯೆತಾಕ್ಕೇ ಹೆಸರು ಕೊಟ್ಟು ಬಂದಳು. ಚಿಕ್ಕದು ಸಾಕಲ್ಲ ಎಂದು ಅವನು ಹೇಳಿ ನೋಡಿದ. ಐವತ್ತು ಹೊರುವವಳು ಮೂವತ್ತು ಹೊತ್ತು ಹೋದರೆ ಆರ್ನುಲ್ಫೋ ಏನೆಂದಾನು ಎಂದಳು. ಮೂರು ದಿನ ಮನೆಮಂದಿಯೆಲ್ಲ ಕೂತು ಗ್ಲಾಡಿಯೋಲಸ್, ಸೂರ್ಯಕಾಂತಿ, ಲಿಲ್ಲಿ, ಸೇವಂತಿಯ ಗೊಂಚಲುಗಳನ್ನು ಕಟ್ಟಿದರು. ಮುಗಿದಾಗ ಸಿಯೆತಾ ನಲವತ್ತೆಂಟು ಕಿಲೋ ತೂಗಿತು. ತೂಗಿದವನು ಆರ್ನುಲ್ಫೋ. ಆ ಲೆಕ್ಕದಲ್ಲಿ ಸುಳ್ಳಿರಲಿಲ್ಲ. ಹೂವು ಬಾಡದಿರಲೆಂದು ಮೇಲೆ ನೀರು ಚಿಮುಕಿಸಿದರು. ನೀರಿಗೂ ತೂಕವಿದೆ ಎನ್ನುವುದು ಗಿಲ್ದಾರ್ದೋ ಒಬ್ಬನಿಗೇ ಕಂಡಿತು.

ಮೆರವಣಿಗೆಯ ಬೆಳಗ್ಗೆ ಎಂಟಕ್ಕೆ ಲಾರಿ ಬರುವುದಿತ್ತು. ಏಳೂವರೆಗೆ ಅಂಗಳದಲ್ಲಿ ಅರ್ಧ ಬೆಟ್ಟವೇ ನೆರೆದಿತ್ತು. ಒಲಿವಾ ಬಿಳಿ ರವಿಕೆ, ಕಪ್ಪು ಲಂಗ ತೊಟ್ಟು, ಜಡೆ ಬಿಗಿದು, ಯುಲಿಯೆತ್ ಹೇಳಿಕೊಟ್ಟ ಹಾಗೆ ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಉಸಿರೆಳೆಯುತ್ತಿದ್ದಳು. ಗಿಲ್ದಾರ್ದೋ ಸಿಯೆತಾದ ಹಿಂದೆ ಸರಿದು ಗ್ಲಾಡಿಯೋಲಸ್ ದಂಟೊಂದನ್ನು ಮೆಲ್ಲನೆ ಎಳೆದ. ಇನ್ನೊಂದನ್ನು ಎಳೆದ. ಅಂಗಿಯೊಳಗೆ ತುರುಕಿದ.

"ಭಾವ, ಅಕ್ಕನ ಹೂವೇ ಕದೀತಿದ್ದೀಯಲ್ಲೋ," ಎಂದ ಆರ್ನುಲ್ಫೋ. "ಯಾರಿಗೆ ಕೊಡಕ್ಕೆ?"

ಎಲ್ಲರೂ ನಕ್ಕರು. ಅಂಗಿಯ ಕೊರಳಿನಿಂದ ಕೆಂಪು ಹೂವು ಇಣುಕುತ್ತಿತ್ತು. ಪಟ್ಟಿ ಸವೆದಿದೆ, ನೋಡಬೇಕು ಎಂದ ಗಿಲ್ದಾರ್ದೋ. ಒಲಿವಾ ಪಟ್ಟಿ ಜಗ್ಗಿ ನೋಡಿ ಗಟ್ಟಿಯಿದೆ ಎಂದಳು. ಮೋಡ ಕಟ್ಟಿದೆ ಎಂದ. ಆಕಾಶ ತೊಳೆದ ತಟ್ಟೆಯ ಹಾಗಿತ್ತು.

ಅವಳು ಬಂದು ಸಿಯೆತಾಕ್ಕೆ ಬೆನ್ನು ಕೊಟ್ಟು ನಿಂತಳು. ಹೆಗಲಿಗೆ ಎರಡು ಪಟ್ಟಿ. ಹಣೆಗೆ ಮೂರನೆಯದು. ಆರ್ನುಲ್ಫೋ ಒಂದು ಬದಿ ಹಿಡಿದ, ಅವನ ಮಗಳು ಇನ್ನೊಂದು ಬದಿ. ಒಲಿವಾ ಮಂಡಿ ಮಡಚಿದಳು. ಗಿಲ್ದಾರ್ದೋ ಎದುರಿಗೆ ಬಂದು ಅವಳ ಎರಡೂ ಹೆಗಲ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿ ಹಿಡಿದ.

"ಏನು ಮಾರಾಯ, ಬಿಡು."

"ಬಿಡಲ್ಲ. ಮೂಟೇಲಿ ಐವತ್ತಿರ್ಲಿಲ್ಲ."

"ನೋಡ್ರೋ," ಎಂದ ಆರ್ನುಲ್ಫೋ, "ಹುಟ್ಟಿದಾಗಿನಿಂದ ಮೊದಲನೇ ಸಲ ಭಾವ ಕಡಿಮೆ ಹೇಳ್ತಿದಾನೆ. ಜ್ವರ ಏನಾದ್ರೂ ಬಂದಿದ್ಯಾ ನೋಡಿ."

ನಗೆ ಅಂಗಳದಿಂದ ಬೇಲಿಯವರೆಗೆ ಹೋಯಿತು. ಒಲಿವಾ ನಗಲಿಲ್ಲ. ಅವನ ಕೈಯನ್ನು ಒಂದೊಂದಾಗಿ ಬಿಡಿಸಿದಳು.

"ನಿಂಗೆ ಭಯ. ನನ್ನ ನಿಲ್ಲಿಸಕ್ಕೆ ಸುಳ್ಳು ಹೇಳ್ತಿದ್ದೀಯ. ಭಯ ನಂಗೂ ಇದೆ, ನಾನು ಹೇಳ್ತಿದ್ದೀನಾ? ಆರ್ನುಲ್ಫೋ, ಹಿಡಿ. ಒಂದು."

ಅವಳ ತೊಡೆ ಬಿಗಿಯಿತು. ಗಿಲ್ದಾರ್ದೋ ಕೊಟ್ಟಿಗೆಗೆ ಓಡಿದ.

"ಎರಡು."

ಅವನು ಅಭ್ಯಾಸದ ಮೂಟೆಯನ್ನು ಎದೆಗವಚಿಕೊಂಡು ಓಡಿ ಬಂದ. ಉಪ್ಪಿನ ಚೀಲ ತರಲೂ ಕತ್ತೆ ಬಾಡಿಗೆ ಹಿಡಿಯುವ ಗಿಲ್ದಾರ್ದೋ, ಐವತ್ತು ಕಿಲೋ ಎಂದು ಬೆಟ್ಟವೆಲ್ಲ ನಂಬಿದ್ದ ಮೂಟೆಯನ್ನು ಅಪ್ಪಿಕೊಂಡು ಅಂಗಳದ ಮೂರು ಮೆಟ್ಟಿಲು ಹತ್ತಿ ಬಂದು ಅವಳ ಮುಂದೆ ನಿಂತ. ಏದುಸಿರು ಬಿಡುತ್ತಿದ್ದ, ಆದರೆ ನಿಂತಿದ್ದ.

ನಗು ನಿಂತಿತು. ಮೂರು ಎನ್ನಲು ತೆರೆದ ಒಲಿವಾಳ ಬಾಯಿ ಹಾಗೇ ಉಳಿಯಿತು. ಅವಳು ಮೂಟೆ ನೋಡಿದಳು, ಅದನ್ನು ಹಿಡಿದ ತೆಳ್ಳನೆಯ ತೋಳುಗಳನ್ನು ನೋಡಿದಳು. ಸಿಯೆತಾವನ್ನು ಅದರ ಮರದ ಕಾಲುಗಳ ಮೇಲೆ ಮತ್ತೆ ಕೂರಿಸಿ ಹಣೆಯ ಪಟ್ಟಿ ಬಿಚ್ಚಿದಳು. ಹಣೆಯಲ್ಲಿ ಕೆಂಪು ಗೆರೆ ಎದ್ದಿತ್ತು. ಮುಖದ ಬಣ್ಣ ಇಳಿದುಹೋಗಿತ್ತು.

ಬಯ್ಯುತ್ತಾಳೆಂದು ಎಲ್ಲರೂ ಕಾದರು. ಅವಳು ತಮ್ಮನ ಕಡೆ ತಿರುಗಿ ಕತ್ತರಿ ತರಲು ಹೇಳಿದಳು. ಮೇಲಿನ ಎರಡು ಸಾಲು ಸೂರ್ಯಕಾಂತಿ ತೆಗೆ, ಲಿಲ್ಲಿ ತೆಗೆ, ಲಾರಿ ಬಂದರೆ ಕಾಯಲು ಹೇಳು ಎಂದಳು. ಎಷ್ಟು ಉಳಿಸಬೇಕು ಎಂದು ಆರ್ನುಲ್ಫೋ ಕೇಳಿದ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಅವಳು ಗಂಡನನ್ನು ನೋಡಿದಳು.

"ಹೇಳು. ಎಷ್ಟು?"

"ಮೂವತ್ತೈದು... ಇರಬಹುದು."

"ಗಿಲ್ದಾರ್ದೋ, ಇದು ಅಂಗಡೀಲಿ ಹೇಳೋ ಲೆಕ್ಕ ಅಲ್ಲ. ಇದು ನನ್ನ ಬೆನ್ನ ಮೇಲೆ ಕೂರುತ್ತೆ."

ಅವನು ಮೂಟೆಯನ್ನು ನೆಲಕ್ಕಿಳಿಸಿದ. ಅಂಗಿಯೊಳಗಿನ ಹೂವುಗಳನ್ನು ತೆಗೆದು ಅದರ ಮೇಲಿಟ್ಟ. ಅವತ್ತು ಶೂ ಕಟ್ಟಿಕೊಂಡು ಏಳುವಾಗ ನೀನು ಗೋಡೆ ಹಿಡಿದದ್ದನ್ನು ನೋಡಿದೆ, ಅವತ್ತಿನಿಂದ ಶುರು ಮಾಡಿದೆ ಎಂದ. ಆಮೇಲೆ ಅಂಗಡಿಯಲ್ಲಿ ಜನ ಚಪ್ಪಾಳೆ ತಟ್ಟಿದರು, ನಿಲ್ಲಿಸಲಾಗಲಿಲ್ಲ, ಅದೂ ನಿಜ ಎಂದ. ಅವಳು ಕಾದಳು. ಕತ್ತರಿ ಕೈಯಲ್ಲಿ ಹಿಡಿದ ಆರ್ನುಲ್ಫೋನೂ ಕಾದ.

"ಇಪ್ಪತ್ತೊಂಬತ್ತು," ಎಂದ ಗಿಲ್ದಾರ್ದೋ. "ಅಲ್ಲ. ಸೋಮವಾರ ಸೂಪಿಗೆ ಅಂತ ಮೂರು ಆಲೂಗಡ್ಡೆ ತೆಗ್ದಿದ್ದೆ. ಇಪ್ಪತ್ತೆಂಟೂವರೆ. ಜೋಳದ ದಿಂಡೂ ಸೇರಿ."