ಮುದುಡಿದ ಹಾಸಿಗೆಗಳ ಎಣಿಕೆ

ದೂರದ ಊರಿಗೆ ಹೊರಡುವಾಗ ನೀವು ಕೊನೆಯ ಸಲ ರೈಲು ಹತ್ತಿದ್ದು ಯಾವಾಗ? ಉತ್ತರಕ್ಕಾಗಿ ತಡಕಾಡಬೇಡಿ, ನಿಮಗೆ ನೆನಪಿಲ್ಲ. ವಿಮಾನ ಒಂದೂವರೆ ತಾಸಿನಲ್ಲಿ ಇಳಿಸುತ್ತದೆ, ಬಸ್ಸು ಮನೆಯ ಹತ್ತಿರಕ್ಕೇ ಬರುತ್ತದೆ, ಎರಡು ಹಗಲು ಎರಡು ರಾತ್ರಿ ಗಾಡಿಯಲ್ಲಿ ಕೂತು ಬೇಯುವ ಕರ್ಮ ಯಾರಿಗೆ ಬೇಕು ಎನ್ನುತ್ತೀರಿ. ಹಾಗೆನ್ನುವ ಹಕ್ಕು ನಿಮಗುಂಟು. ಆದರೆ ನೀವು ಬಿಟ್ಟುಹೋದ ಜಾಗದಲ್ಲಿ ಈಗ ಯಾರಿದ್ದಾರೆಂದು ಕೇಳುವ ಹೊಣೆಯೂ ನಿಮ್ಮದೇ ಆಗಿತ್ತು. ನೀವು ಕೇಳಲಿಲ್ಲ. ಆದ್ದರಿಂದ ಈ ಕತೆಯನ್ನು ಹೇಳಬೇಕಾಗಿ ಬಂದಿದೆ.

ವಾರಕ್ಕೊಮ್ಮೆ ಓಡುವ ಆ ಗಾಡಿಯಲ್ಲಿ ಹಾಸಿಗೆ ಹಾಸುವ ಕೆಲಸದವನನ್ನು ಎಲ್ಲರೂ ಹಾಸಿಗೆಯಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದ ಸೇವೆ. ಅವನು ಸೇರಿದಾಗ ಹನ್ನೊಂದು ಮಲಗುವ ಬೋಗಿಗಳಿದ್ದವು. ಈಗ ಉಳಿದದ್ದು ಒಂದೇ. ಅದರ ಹಿಂದೆ ಮುಂದೆ ಸರಕಿನ ಡಬ್ಬಿಗಳು. ಇದ್ದೊಂದು ಬೋಗಿಯಲ್ಲಿ ಅರವತ್ತನಾಲ್ಕು ಬರ್ತುಗಳು, ಹತ್ತುವವರು ಹತ್ತೋ ಹನ್ನೊಂದೋ ಮಂದಿ. ಆದರೂ ಹಾಸಿಗೆಯಣ್ಣ ಅರವತ್ತನಾಲ್ಕಕ್ಕೂ ಬೆಡ್‌ಶೀಟು ಹಾಸಿ, ಅಂಚನ್ನು ರೆಕ್ಸಿನ್ನಿನ ಕೆಳಗೆ ಸಿಕ್ಕಿಸಿ, ದಿಂಬಿಟ್ಟು, ಕಂಬಳಿಯನ್ನು ಕಾಲಬುಡದಲ್ಲಿ ಮಡಿಸಿಡುತ್ತಿದ್ದ. ಹಾಸದೆ ಬಿಟ್ಟ ಬರ್ತು ಅವನ ಕಣ್ಣಿಗೆ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತಿತ್ತು.

ಅವನಿಗೆ ಆ ಗಾಡಿ ಬರಿಯ ನೌಕರಿಯಾಗಿರಲಿಲ್ಲ. ಎರಡನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ನೀರು ತುಂಬಿಸಿಕೊಳ್ಳಲು ಗಾಡಿ ಒಂದು ಸಣ್ಣ ನಿಲ್ದಾಣದಲ್ಲಿ ಆರು ನಿಮಿಷ ನಿಲ್ಲುತ್ತಿತ್ತು. ಆ ಊರಿನಲ್ಲಿ ಅವನ ಅಕ್ಕನಿದ್ದಳು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈಗ ಆ ಸೊಂಟದ ಮೂಳೆಯೇ ಮುರಿದು, ಕೋಲೂರಿ ಪ್ಲಾಟ್‌ಫಾರ್ಮಿನವರೆಗೆ ಬರುವುದೇ ಅವಳ ಪಾಲಿಗೆ ದೊಡ್ಡ ಯಾತ್ರೆ. ಬಸ್ಸಿನ ಮೆಟ್ಟಿಲು ಅವಳ ಕೈಲಾಗದು. ಅವನಿಗೆ ವಾರದ ಉಳಿದ ದಿನಗಳೆಲ್ಲ ಇದೇ ಗಾಡಿಯ ಹೋಗಿಬರುವಿಕೆಯಲ್ಲಿ, ತೊಳೆಯುವುದರಲ್ಲಿ ಕಳೆದುಹೋಗುತ್ತಿದ್ದವು. ಹೀಗಾಗಿ ಅಕ್ಕತಮ್ಮಂದಿರ ಬಾಳೆಲ್ಲ ಆ ಆರು ನಿಮಿಷದೊಳಗೇ ನಡೆಯುತ್ತಿತ್ತು. ಗುಂಡಿ ಹರಿದ ಅಂಗಿಯನ್ನು ಅವನು ಕೊಡುವುದು, ಹೋದ ವಾರದ್ದನ್ನು ಹೊಲಿದು ಅವಳು ತರುವುದು, ಅಷ್ಟರಲ್ಲಿ ಒಂದಿಷ್ಟು ಬೈಗುಳ. ಗಾಡಿ ನಿಂತರೆ ಇದೂ ನಿಂತಂತೆ.

ನಿಲ್ಲಿಸುವ ಮಾತು ಕೊನೆಗೂ ಬಂತು. ಎಂಟು ಓಡಾಟಗಳಲ್ಲಿ ಸರಾಸರಿ ನಲವತ್ತು ಜನರಾದರೂ ಮಲಗಿ ಹೋಗದಿದ್ದರೆ ಗಾಡಿಯನ್ನು ರದ್ದು ಮಾಡುವುದೆಂದು ಕಚೇರಿ ಆದೇಶ ಹೊರಡಿಸಿತು. ಟಿಕೆಟ್ಟಿನ ಸಂಖ್ಯೆಯನ್ನು ದಲ್ಲಾಳಿಗಳು ತಿರುಚುತ್ತಾರೆಂಬ ಸಂಶಯವಿದ್ದುದರಿಂದ ಬೇರೊಂದು ಕ್ರಮವನ್ನು ಗೊತ್ತುಮಾಡಿದರು: ಒಗೆಯಲು ಹೋಗುವ, ಮಲಗಿ ಮುದುಡಿದ ಬೆಡ್‌ಶೀಟುಗಳನ್ನು ಎಣಿಸುವುದು. ಮುದುಡಿದ್ದು ಒಂದಾದರೆ ಪ್ರಯಾಣಿಕನೊಬ್ಬ. ಮೇಜಿನ ಮುಂದೆ ಕೂತವರಿಗೆ ಇದು ಬಹಳ ಜಾಣತನದ ಉಪಾಯವಾಗಿ ಕಂಡಿರಬೇಕು.

ಮೊದಲ ಓಡಾಟದಲ್ಲಿ ಹನ್ನೊಂದೇ ಹಾಸಿಗೆಗಳು ಮುದುಡಿದ್ದವು. ಅಂದು ಹಾಸಿಗೆಯಣ್ಣ ತನ್ನ ಸೇವೆಯಲ್ಲಿ ಎಂದೂ ಮಾಡದ ಕೆಲಸವನ್ನು ಮಾಡಿದ. ಗಾಡಿ ಕೊನೆಯ ನಿಲ್ದಾಣ ಮುಟ್ಟುವ ಮೊದಲು ಐದು ಖಾಲಿ ಬರ್ತುಗಳಲ್ಲಿ ಒಂದಾದ ಮೇಲೊಂದರಂತೆ ತಾನೇ ಮಲಗಿ, ಹೊರಳಾಡಿ, ಎದ್ದ. ಐದರಿಂದ ಗಾಡಿ ಉಳಿಯದೆಂಬುದು ಅವನಿಗೂ ತಿಳಿದಿತ್ತು. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಆದರೆ ಸುಳ್ಳು ಸುಳ್ಳೇ, ಐದಾಗಲಿ ಐವತ್ತಾಗಲಿ. ಹದಿನಾರು ಎಂದು ಬರೆದುಕೊಟ್ಟು ಬಂದ. ಇನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿಕೊಂಡ.

ಎರಡನೆಯ ಓಡಾಟದಲ್ಲಿ ಅವನು ಯಾವುದನ್ನೂ ಮುಟ್ಟಲಿಲ್ಲ. ಪ್ರಯಾಣಿಕರು ಹತ್ತು ಮಂದಿ. ಮುದುಡಿದ ಹಾಸಿಗೆಗಳು ಇಪ್ಪತ್ತಮೂರು.

ಯಾರೋ ಜಾಗ ಬದಲಿಸಿ ಮಲಗಿರಬೇಕೆಂದುಕೊಂಡ. ಮೂರನೆಯ ಸಲ ಮೂವತ್ತೆಂಟಾದವು, ನಾಲ್ಕನೆಯ ಸಲ ನಲವತ್ತೊಂಬತ್ತು. ಒಂದರ ಮೇಲೆ ಅಂಗೈಯಿಟ್ಟು ನೋಡಿದ. ಈಗಷ್ಟೇ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು. ಇನ್ನೊಂದರಲ್ಲಿ ಗೋಡೆಯ ಕಡೆ ಮೊಳದುದ್ದದ ಸಣ್ಣ ತಗ್ಗು, ಅದಕ್ಕೆ ಅಡ್ಡಗಟ್ಟಿದಂತೆ ದೊಡ್ಡದೊಂದು ತಗ್ಗು: ಮಗು ಬೀಳಬಾರದೆಂದು ತಾಯಂದಿರು ಮಲಗುವುದು ಹಾಗೆ. ಟಿಕೆಟ್ ತಪಾಸಣೆಯ ಟಿ.ಸಿ.ಗೆ ಇದನ್ನು ತೋರಿಸಿದಾಗ ಅವನು ನಗೆಯಾಡಿದ. “ನಿನ್ನ ಬೋಗೀಲಿ ದೆವ್ವಗಳೂ ಟಿಕೆಟ್ ಇಲ್ದೆ ಹೋಗ್ತಿವೆ ಕಣಯ್ಯ. ಒಂದಾದ್ರೂ ಎದುರಿಗೆ ಸಿಕ್ಕಿದ್ರೆ ದಂಡ ಹಾಕ್ತಿದ್ದೆ.” ನಕ್ಕವನು ಆಮೇಲೆ ಆ ಬೋಗಿಯೊಳಗೆ ಒಂಟಿಯಾಗಿ ಕಾಲಿಡಲಿಲ್ಲ.

ದೆವ್ವಗಳಲ್ಲವೆಂಬುದು ಹಾಸಿಗೆಯಣ್ಣನಿಗೆ ತಿಳಿದದ್ದು ಹದಿನೇಳನೆಯ ಬರ್ತಿನಿಂದ. ಅಲ್ಲಿ ಬಿದ್ದಿದ್ದ ಗುರುತು ಓರೆಯಾಗಿತ್ತು, ಮೊಣಕಾಲಿನ ಕೆಳಗೆ ಚೌಕನೆಯ ಪೆಟ್ಟಿಗೆಯ ಅಚ್ಚು. ಔಷಧಿ ಮಾದರಿಗಳ ಪೆಟ್ಟಿಗೆಯನ್ನು ಕಾಲಡಿಗಿಟ್ಟು ಓರೆಯಾಗಿ ಮಲಗುತ್ತಿದ್ದವನು ಒಬ್ಬನೇ, ಔಷಧಿ ಕಂಪನಿಯ ಪ್ರತಿನಿಧಿ. ಗಾಡಿ ಬಿಟ್ಟು ವಿಮಾನ ಹಿಡಿದು ಮೂರು ವರ್ಷವಾಗಿತ್ತು. ಸತ್ತನೇನೋ ಎಂದು ಹಾಸಿಗೆಯಣ್ಣ ಮರುಗಿಯೂ ಮರುಗಿದ. ಆ ವಾರವೇ ಮಾರುಕಟ್ಟೆಯಲ್ಲಿ ಆಸಾಮಿ ಎದುರಾದ, ಮೈಕೈ ತುಂಬಿಕೊಂಡು ಗಟ್ಟಿಮುಟ್ಟಾಗಿದ್ದ. ಕಣ್ಣ ಕೆಳಗೆ ಮಾತ್ರ ಕಪ್ಪು. “ಎಲ್ಲಾ ಚೆನ್ನಾಗಿದೆ ಮಾರಾಯ,” ಎಂದ. “ಈಚೆಗೆ ನಿದ್ದೆಯೊಂದು ಬರಲ್ಲ. ಮಲಗ್ತೀನಿ, ಹಾಸಿಗೇಲಿ ನಾನೇ ಇಲ್ಲವೇನೋ ಅನ್ಸತ್ತೆ.”

ಏಳನೆಯ ಓಡಾಟದಲ್ಲಿ ಅಕ್ಕ ಹೊಲಿದ ಅಂಗಿಯನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು ಬೋಗಿಯ ಕಿಟಕಿಗಳನ್ನು ನೋಡುತ್ತ ನಿಂತಳು.

“ಏನೋ ತಮ್ಮಾ, ಗಾಡಿ ನಿಲ್ಲಿಸ್ತಾರೆ ಅಂತ ಮುಖ ಸೊಟ್ಟಗೆ ಮಾಡ್ಕೊಂಡಿದ್ದೆ. ಒಳಗೆ ಕಾಲಿಡೋಕೆ ಜಾಗ ಇಲ್ಲವಲ್ಲೋ.”

ಒಳಗಿರುವುದು ಒಂಬತ್ತು ಜನ, ಅವರೂ ಆ ತುದಿಯಲ್ಲಿದ್ದಾರೆಂದು ಅವನು ಹೇಳಿದ.

“ಪೊರೆ ತೆಗೆಸಿದ್ದು ನನ್ನ ಕಣ್ಣಿಗೋ ನಿನ್ನ ಕಣ್ಣಿಗೋ? ಅಲ್ಲಿ ನೋಡು, ಆ ಮಗು ಗಾಜಿಗೆ ಮೂಗು ಒತ್ಕೊಂಡು ನಿಂತಿದೆ. ಇಷ್ಟೊಂದು ಜನ, ಒಬ್ಬರೂ ಮಾತಾಡ್ತಿಲ್ಲ ನೋಡು, ಅದೊಂದೇ ಸರಿಯಿಲ್ಲ.”

ಅವನು ತಿರುಗಿದ. ಕಿಟಕಿ ಖಾಲಿಯಾಗಿತ್ತು. ಗಾಜಿನ ಕೆಳಗಡೆ, ಮಗುವಿನ ಮೂಗಿನೆತ್ತರದಲ್ಲಿ, ಉಸಿರಿನ ಪುಟ್ಟ ಮಂಜು ಮೂಡಿ ಆರುತ್ತಿತ್ತು, ಮತ್ತೆ ಮೂಡಿತು.

ಎಂಟನೆಯದು ಕೊನೆಯ ಎಣಿಕೆ. ಟಿಕೆಟ್ಟಿಗೂ ಬೆಡ್‌ಶೀಟಿಗೂ ಇಷ್ಟು ಅಂತರವಿರುವುದನ್ನು ಕಂಡ ಕಚೇರಿ ತನಿಖಾಧಿಕಾರಿಯೊಬ್ಬಳನ್ನು ಗಾಡಿಯಲ್ಲೇ ಕಳಿಸಿತ್ತು. ಮಾತು ಕಡಿಮೆಯ, ಮಧ್ಯವಯಸ್ಸಿನ ಹೆಂಗಸು. ಒಂಬತ್ತು ಪ್ರಯಾಣಿಕರನ್ನು ಒಂದು ತುದಿಯಲ್ಲಿ ಕೂರಿಸಿ, ಆಚೆ ಬಾಗಿಲಿಗೆ ಬೀಗ ಹಾಕಿಸಿ, ನಡುವಿನ ದಾರಿಯಲ್ಲಿ ತಾನೇ ಕುರ್ಚಿ ಹಾಕಿಕೊಂಡಳು. ಹಾಸಿಗೆಯಣ್ಣನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಳು. ಎರಡನೆಯ ದಿನದ ಮಧ್ಯಾಹ್ನದವರೆಗೆ ಐವತ್ತೈದು ಹಾಸಿಗೆಗಳು ಇಸ್ತ್ರಿಯ ಗೆರೆಯೂ ಕದಡದೆ ಹಾಗೇ ಇದ್ದವು.

ಎರಡೂವರೆಯ ಹೊತ್ತು. ಬಿಸಿಲು ಕಿಟಕಿಗಳಿಂದ ಓರೆಯಾಗಿ ಬಿದ್ದು ಪ್ರತಿಯೊಂದು ದಿಂಬೂ ಬೆಳ್ಳಗೆ ಹೊಳೆಯುತ್ತಿತ್ತು. ಅವರ ಕಣ್ಣೆದುರಿಗೇ ಹತ್ತಿರದ ಕೆಳಬರ್ತಿನ ಬೆಡ್‌ಶೀಟು ಮೆಲ್ಲಗೆ ತಗ್ಗಿತು. ಮೊದಲು ಸೊಂಟದ ಜಾಗ, ಆಮೇಲೆ ಭುಜ, ಕೊನೆಗೆ ದಿಂಬು. ಕಂಬಳಿ ತಾನಾಗಿಯೇ ಗೇಣುದ್ದ ಮೇಲೆ ಸರಿಯಿತು. ಎದುರಿನದು ತಗ್ಗಿತು, ಅದರ ಮೇಲಿನದು ತಗ್ಗಿತು. ಒಂದರ ಹಿಂದೊಂದಾಗಿ, ಸದ್ದಿಲ್ಲದೆ, ಇಡೀ ಬೋಗಿ ಮಲಗಿತು. ಹದಿನೇಳನೆಯದು ಓರೆಯಾಗಿ ಮಲಗಿತು.

ಅಧಿಕಾರಿ ತಗ್ಗಿದ ದನಿಯಲ್ಲಿ ಕೇಳಿದಳು, ನಿದ್ದೆ ಮಾಡುವವರಿಗೆ ಎಚ್ಚರವಾದೀತೆಂಬಂತೆ: “ಪ್ರತಿ ಸಲ ಹೀಗೇನಾ?”

“ಎರಡನೇ ಸಲದಿಂದ ಹೀಗೇ ಮೇಡಂ. ಮೊದಲನೇ ಸಲ ಐದು ಹಾಸಿಗೆ ನಾನೇ ಮಲಗಿ ಮುದುಡಿಸಿದ್ದು.”

“ಅದನ್ನ ನಾನು ಕೇಳಲಿಲ್ಲವಲ್ಲ.”

“ಇವರ ಲೆಕ್ಕ ನಿಜ ಮೇಡಂ. ಅದರೊಳಗೆ ನನ್ನ ಸುಳ್ಳು ಇರೋದು ಬೇಡ.”

ಅವಳು ತನಿಖೆಯ ನಮೂನೆಯ ಮೇಲೆ ಪೆನ್ನಿಟ್ಟಳು. “ನೀವು ಮಾಡಿದ್ದನ್ನ ಬರೆಯೋಕೆ ಇದರಲ್ಲಿ ಜಾಗ ಇದೆ. ನಾನು ನೋಡಿದ್ದನ್ನ ಬರೆಯೋಕೆ ಇಲ್ಲ.”

ನಿಜ ಹೇಳಿದವನಿಗೆ ಜಗತ್ತು ಏನು ಕೊಡುತ್ತದೆಂಬುದನ್ನು ಶಾಲೆಯಲ್ಲಿ ನಮಗೆ ಬೇರೆಯಾಗಿಯೇ ಕಲಿಸಿದ್ದರು. ಐದು ಹಾಸಿಗೆಯ ಸುಳ್ಳಿನಿಂದಾಗಿ ಎಂಟು ಓಡಾಟಗಳ ಎಣಿಕೆಯನ್ನೂ ಕಚೇರಿ ತಳ್ಳಿಹಾಕಿತು. ಅವನ ಕೈಗೊಂದು ಎಚ್ಚರಿಕೆಯ ಪತ್ರ ಬಂತು. ಅಧಿಕಾರಿ ಪಟ್ಟು ಹಿಡಿದು ವಾದಿಸಿದ್ದರಿಂದ ಇನ್ನು ನಾಲ್ಕೇ ಓಡಾಟಗಳಿಗೆ ಅವಕಾಶ ಸಿಕ್ಕಿತು. ಇನ್ನು ಎಣಿಸುವುದು ಬೆಡ್‌ಶೀಟನ್ನಲ್ಲ. ಟಿಕೆಟ್ಟನ್ನೂ ಅದನ್ನು ಹಿಡಿದ ಮನುಷ್ಯನನ್ನೂ ಎದುರಿಗೆ ನಿಲ್ಲಿಸಿಕೊಂಡು ಎಣಿಸುವುದು. ಬೇಕಾದದ್ದು ಹಿಂದಿನಂತೆಯೇ ಸರಾಸರಿ ನಲವತ್ತು.

ಮುಂದಿನ ವಾರ ಅವನು ಪ್ಲಾಟ್‌ಫಾರ್ಮಿಗಿಳಿದು, ತಲೆ ತಗ್ಗಿಸಿ, ಐದು ಹಾಸಿಗೆಯ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಅಕ್ಕನಿಗೆ ಹೇಳಿದ. ಹೇಳುವುದರಲ್ಲೇ ಎರಡು ನಿಮಿಷ ಹೋಯಿತು. ಇವತ್ತೆಷ್ಟು ಜನ ಎಂದು ಅವಳು ಕೇಳಿದಳು. ಒಂಬತ್ತು ಎಂದ.

ಅಕ್ಕ ಕೋಲನ್ನು ಅವನ ಕೈಗೆ ಕೊಟ್ಟಳು. “ಹಿಡಿ. ಸೊಂಟದ ಗತಿ ಆಮೇಲೆ ನೋಡೋಣ. ಎಣಿಸೋಕೆ ಒಂದು ತಲೆಯಾದ್ರೂ ಆಗ್ತೀನಲ್ಲ.”

ತಮ್ಮ ಕೆಳಗಿನಿಂದ ಎತ್ತಿದ, ಟಿ.ಸಿ. ಮೇಲಿನಿಂದ ಎಳೆದ. ನೋವಿಗೆ ಅವಳ ತುಟಿ ಬೆಳ್ಳಗಾಯಿತು. ಗಾಡಿ ಕದಲುವಾಗ ಅವಳು ಒಳಗಿದ್ದಳು. ಟಿ.ಸಿ. ಅಲ್ಲೇ ಟಿಕೆಟ್ ಬರೆದುಕೊಟ್ಟ. ಕೆಳಬರ್ತಿನಲ್ಲಿ ಕುಳಿತವಳು ತುಸು ಕಿಟಕಿಯ ಕಡೆಗೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಆಮೇಲೆ ಎದುರಿನ ಖಾಲಿ ಹಾಸಿಗೆಯನ್ನು ನೋಡಿ, “ಕಾಲು ಸ್ವಲ್ಪ ಆಚೆ ತಗೊಳ್ತೀರಾ, ನನ್ನದು ಮಡಚೋಕೆ ಆಗಲ್ಲ,” ಎಂದಳು. ಬೆಡ್‌ಶೀಟಿನ ಮೇಲಿನ ತಗ್ಗು ವಿನಯದಿಂದ ಹಿಂದಕ್ಕೆ ಸರಿಯಿತು.

ಅಂದಿನ ಎಣಿಕೆ ಹತ್ತು. ಇನ್ನು ಮೂರು ಓಡಾಟಗಳಿವೆ. ಅಲ್ಲಿ ಮಲಗಿರುವವರನ್ನು ಯಾವ ಕಚೇರಿಯೂ ಎಣಿಸುವುದಿಲ್ಲ, ನಿಮ್ಮನ್ನು ಎಣಿಸುತ್ತದೆ. ನಿಮ್ಮೂರಿನಿಂದಲೂ ಇಂಥದೊಂದು ಗಾಡಿ ಈ ವಾರ ಹೊರಡುತ್ತದೆ. ದಯವಿಟ್ಟು ನಾಳೆಯೇ ನಿಲ್ದಾಣಕ್ಕೆ ಹೋಗಿ, ಟಿಕೆಟ್ ಕಿಟಕಿಯ ಹಿಂದೆ ತೂಕಡಿಸುವವರನ್ನು ಎಬ್ಬಿಸಿ, ನಿಮ್ಮ ಹೆಸರಿನಲ್ಲಿ ಒಂದು ಟಿಕೆಟ್ ಬರೆಸಿಕೊಳ್ಳಿ.